ಮುಳ್ಳಯ್ಯನಗಿರಿ ಹತ್ತಿದವರಿಗೆ ಸ್ಕಾಟ್ಲೆಂಡಿನ ಬೆಟ್ಟ ಯಾವ ಲೆಕ್ಕ?

ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನ ಒಂದು ನಡಿಗೆ ಬಗ್ಗೆ ಬರೆದಿದ್ದೆ. ಓದದವರಿಗೆ ಎರಡು ಮಾತು. ಗ್ಲೆನ್ ಶೀಲ್ ಅಂತ ಒಂದು ಕಣಿವೆ. ಅದರ ದಕ್ಷಿಣಕ್ಕೆ ಒಂದೇ ಸಾಲಿನಲ್ಲಿ ಏಳು ಶಿಖರ. ಏಳೂ ಮೂರು ಸಾವಿರ ಅಡಿಗಿಂತ ಎತ್ತರ. ಒಮ್ಮೆ ಮೇಲೆ ಹತ್ತಿದರೆ ಸಾಕು, ಬೆಟ್ಟದ ಬೆನ್ನಿನ ಮೇಲೇ ನಡೆದು ಏಳನ್ನೂ ಮುಗಿಸಬಹುದು. ಉತ್ತರಕ್ಕೆ ಕೆಳಗೆ ಎ87 ಹೆದ್ದಾರಿ. ದಕ್ಷಿಣಕ್ಕೆ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಮನೆ ಕಾಣುವುದೇ ಅಪರೂಪ.

ಅದನ್ನು ಓದಿ ಬಂದ ಪತ್ರಗಳಲ್ಲಿ ಅರ್ಧ ಅಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ನಮ್ಮವರದ್ದು. ಉಳಿದರ್ಧ ಅವರ ಅಪ್ಪ ಅಮ್ಮಂದಿರದ್ದು. ಒಂದಿಷ್ಟು ಪತ್ರ ಜಗಳಕ್ಕೇ ಬಂದಿವೆ. ಅಲ್ಲಿಂದಲೇ ಶುರು ಮಾಡೋಣ.

ಪ್ರ: ನಮ್ಮ ಮುಳ್ಳಯ್ಯನಗಿರಿ 1930 ಮೀಟರ್. ಇಡೀ ಬ್ರಿಟನ್ನಿನಲ್ಲೇ ಎತ್ತರದ ಬೆನ್ ನೆವಿಸ್ 1345 ಮೀಟರ್ ಅಂತೆ. ನೀವು ಬರೆದ ಬೆಟ್ಟಗಳು ಸಾವಿರದ ಆಸುಪಾಸು. ಇದಕ್ಕೆ ಬೂಟು, ನಕ್ಷೆ, ದಿಕ್ಸೂಚಿ ಅಂತ ಇಷ್ಟು ಬಿಲ್ಡಪ್ ಯಾಕೆ? ನಾವು ಚಪ್ಪಲಿಯಲ್ಲೇ ಹೋಗಿ ಬರುತ್ತೇವೆ.
– ಒಬ್ಬ ಓದುಗರು, ಚಿಕ್ಕಮಗಳೂರು

ಉ: ಮುಳ್ಳಯ್ಯನಗಿರಿಗೆ ಚಪ್ಪಲಿಯಲ್ಲಿ ಹೋಗಬಹುದು ಸ್ವಾಮಿ. ತುದಿಯ ಹತ್ತಿರದವರೆಗೂ ಗಾಡಿ ಹೋಗುತ್ತದೆ, ಆಮೇಲೆ ಮೆಟ್ಟಿಲು. ಕುಮಾರ ಪರ್ವತದ ಮಾತು ಬೇರೆ. ಕುಕ್ಕೆಯಿಂದ 1712 ಮೀಟರಿನ ತುದಿಗೆ ಹತ್ತಿದವರ ಕಾಲಿಗೆ ಸ್ಕಾಟ್ಲೆಂಡಿನ ಯಾವ ಏರೂ ಹೊಸದಲ್ಲ. ಕಾಲಿನ ಶಕ್ತಿ ಬಗ್ಗೆ ನನಗೆ ತಕರಾರೇ ಇಲ್ಲ. ತಕರಾರು ಇರುವುದು ಎತ್ತರದ ಅಂಕಿ ನೋಡಿ ಬೆಟ್ಟ ಅಳೆಯುವುದಕ್ಕೆ.

ಗ್ಲೆನ್ ಶೀಲ್ ಇರುವುದು 57 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಿಕ್ಕಮಗಳೂರು 13ರಲ್ಲಿ. ಆ ವ್ಯತ್ಯಾಸ ಮೈಗೆ ಹೇಗೆ ತಟ್ಟುತ್ತದೆ ನೋಡಿ. ಜುಲೈ ತಿಂಗಳ ಒಳ್ಳೆ ದಿನ, ಕೆಳಗೆ 18 ಡಿಗ್ರಿ ಇದೆ ಅಂದುಕೊಳ್ಳಿ. ಸಾವಿರ ಮೀಟರ್ ಮೇಲಕ್ಕೆ ಹೋದರೆ ಆರೇಳು ಡಿಗ್ರಿ ಇಳಿಯುತ್ತದೆ, ಅಂದರೆ ಹನ್ನೊಂದು. ಅದರ ಮೇಲೆ ಗಂಟೆಗೆ 60 ಕಿ.ಮೀ. ಗಾಳಿ ಬೀಸಿದರೆ (ಅಲ್ಲಿ ಅದೇನು ದೊಡ್ಡ ಸುದ್ದಿಯಲ್ಲ) ಮೈಗೆ ಆರೇಳು ಡಿಗ್ರಿಯ ಚಳಿ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ಇದು ಬೇಸಿಗೆಯ ಕಥೆ.

ನಮ್ಮಲ್ಲಿ ಅರಬ್ಬಿ ಸಮುದ್ರದ ಮೋಡ ಘಟ್ಟಕ್ಕೆ ಬಡಿದು ನಾಲ್ಕು ತಿಂಗಳು ಸುರಿಯುತ್ತದೆ, ಆಮೇಲೆ ಬಿಡುವು ಕೊಡುತ್ತದೆ. ಅಲ್ಲಿ ಅಟ್ಲಾಂಟಿಕ್‌ನಿಂದ ಬರುವ ಮೋಡಕ್ಕೆ ರಜೆ ಅಂತ ಇಲ್ಲ. ಬೆನ್ ನೆವಿಸ್ ತುದಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗಿಂತ ಜಾಸ್ತಿ ನೀರು ಬೀಳುತ್ತದೆ. ಆಗುಂಬೆಯ ಲೆಕ್ಕಕ್ಕೆ ಕಡಿಮೆಯೇ, ಆದರೆ ಅದು ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುತ್ತದೆ. ಮರದ ಮರೆ ಇಲ್ಲ, ಬರೀ ಹುಲ್ಲು, ಕಲ್ಲು, ಕಾಲಡಿಗೆ ಜವುಗು.

ಇನ್ನೊಂದು ಮಾತು. ಗ್ಲೆನ್‌ಕೋ ಹತ್ತಿರ ಏನಖ್ ಈಗಖ್ ಅಂತ ಒಂದು ರಿಡ್ಜ್ (ಕಿರಿದಾದ ಬೆಟ್ಟದ ಬೆನ್ನು) ಇದೆ. ಅದರ ಅತಿ ಎತ್ತರದ ತುದಿ 967 ಮೀಟರ್. ನಿಮ್ಮ ಮುಳ್ಳಯ್ಯನಗಿರಿಯ ಅರ್ಧ! ಆದರೆ ಅದರ ನಡುವಿನ ಭಾಗಕ್ಕೆ ಇಳಿದರೆ ಕೈ ಕಾಲು ಎರಡೂ ಹಾಕಿ ಬಂಡೆ ದಾಟಬೇಕು, ಎಡಕ್ಕಾಗಲಿ ಬಲಕ್ಕಾಗಲಿ ಸುರಕ್ಷಿತವಾಗಿ ಇಳಿಯಲು ಜಾಗವಿಲ್ಲ. ಹೋದರೆ ಕೊನೆವರೆಗೆ ಹೋಗಬೇಕು, ಇಲ್ಲ ಬಂದ ದಾರಿಯಲ್ಲೇ ವಾಪಸ್ ಬರಬೇಕು. ಅದಕ್ಕೇ ನಾನು ಯಾವ ರಿಡ್ಜ್ ಬಗ್ಗೆ ಕೇಳಿದರೂ ಮೊದಲು ಎತ್ತರ ನೋಡುವುದಿಲ್ಲ, ಇಳಿಯೋ ದಾರಿ ಎಲ್ಲೆಲ್ಲಿ ಇದೆ ಅಂತ ನೋಡುತ್ತೇನೆ. ಈ ಪುಟದ ಉಳಿದ ಉತ್ತರಗಳಲ್ಲೂ ಅದೇ ರಾಗ ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರ: ಏಳು ಶಿಖರ ಒಂದೇ ದಿನದಲ್ಲಿ ಆಗುತ್ತಾ ಸರ್? ನಾನೂ ನನ್ನ ಇಬ್ಬರು ರೂಮ್‌ಮೇಟ್‌ಗಳೂ ವಾರಾಂತ್ಯದಲ್ಲಿ ಹೋಗಬೇಕು ಅಂತಿದ್ದೇವೆ. ನಂದಿಬೆಟ್ಟ, ಸಾವನದುರ್ಗ ಬಿಟ್ಟರೆ ಹೆಚ್ಚು ಅನುಭವ ಇಲ್ಲ.
– ಎಂ.ಎಸ್ಸಿ. ವಿದ್ಯಾರ್ಥಿ, ಗ್ಲಾಸ್ಗೊ

ಉ: ಆಗುತ್ತದೆ. ನಿಮಗೆ ಮೊದಲನೇ ಸಲಕ್ಕೇ ಬೇಡ.

ಲೆಕ್ಕ ಹಾಕುವುದು ಹೀಗೆ. 1892ರಲ್ಲಿ ವಿಲಿಯಂ ನೇಸ್ಮಿತ್ ಅನ್ನೋ ಸ್ಕಾಟಿಷ್ ಚಾರಣಿಗ ಒಂದು ಸುಲಭ ಸೂತ್ರ ಕೊಟ್ಟ, ಇವತ್ತಿಗೂ ಎಲ್ಲರೂ ಬಳಸುವುದು ಅದನ್ನೇ. ಈಗಿನ ಅಳತೆಯಲ್ಲಿ ಹೇಳುವುದಾದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ರಿಡ್ಜ್ ನಡಿಗೆ ಸುಮಾರು 25 ಕಿ.ಮೀ. ಅಂದರೆ ಐದು ಗಂಟೆ. ಏರೆಲ್ಲ ಕೂಡಿಸಿದರೆ 2000 ಮೀಟರಿನ ಹತ್ತಿರ, ಅದಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ಒಟ್ಟು ಎಂಟೂ ಕಾಲು ದಾಟಿತು. ಇದರಲ್ಲಿ ಊಟ ಇಲ್ಲ, ಫೋಟೊ ಇಲ್ಲ, ಬೂಟಿನ ಲೇಸ್ ಕಟ್ಟೋದೂ ಇಲ್ಲ. ನೇಸ್ಮಿತ್ ಗಟ್ಟಿ ಆಳು, ಅವನ ಲೆಕ್ಕ ಅವನ ಕಾಲಿಗೆ ಸರಿ. ನೀವು ಮೂವರು ಹೊಸಬರು ಹನ್ನೊಂದು ಗಂಟೆ ಅಂದುಕೊಳ್ಳಿ. ಹಾಂ, ನಡಿಗೆ ಮುಗಿಯುವ ಜಾಗ ಶುರುವಾದ, ಹೆದ್ದಾರಿ ಬದಿಯ ಹೋಟೆಲ್ ಕ್ಲೂನಿ ಇನ್‌ನಿಂದ ರಸ್ತೆಯಲ್ಲಿ ಹತ್ತು ಕಿ.ಮೀ.ಗಿಂತ ದೂರ. ಕಾರು ಅಲ್ಲಿ, ನೀವು ಇಲ್ಲಿ.

ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ ನಡೆಯುತ್ತಾರೆ. ಕ್ಲೂನಿ ಇನ್ ಹತ್ತಿರ ರಸ್ತೆಯೇ 200 ಮೀಟರಿಗಿಂತ ಎತ್ತರದಲ್ಲಿದೆ, ಅಷ್ಟು ಏರು ಉಳಿಯಿತು. ಅಲ್ಲಿಂದ ಟೊಮ್‌ಡೂನ್‌ಗೆ ಹೋಗುತ್ತಿದ್ದ ಹಳೆ ರಸ್ತೆ ಹಿಡಿಯಬೇಕು. 1950ರ ದಶಕದಲ್ಲಿ ವಿದ್ಯುತ್ ಯೋಜನೆಗೆ ಅಣೆಕಟ್ಟು ಕಟ್ಟಿದಾಗ ಆ ರಸ್ತೆ ಲಾಖ್ ಲಾಯ್ನ್ ಸರೋವರದಲ್ಲಿ ಮುಳುಗಿತು. ಶರಾವತಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಳುಗದೆ ಉಳಿದ ತುಂಡಿನಲ್ಲಿ ನಡೆದು ಮೊದಲನೇ ಶಿಖರ ಕ್ರೇಗ್ ಅ ವೈಮ್‌ಗೆ ಹತ್ತುವುದು. ಆಮೇಲೆ ಬೆನ್ನಿನ ಮೇಲೇ ದಾರಿ. ಹೆಚ್ಚಿನ ಕಡೆ ಅಗಲ, ಹುಲ್ಲು. ಕೆಲವು ಕಡೆ ಕಿರಿದಾಗುತ್ತದೆ, ಆದರೆ ಹಗ್ಗ ಬೇಡ. ಮೂರನೆಯ ಶಿಖರವೇ ಎಲ್ಲಕ್ಕಿಂತ ಎತ್ತರ, 1020 ಮೀಟರಿನ ಆಸುಪಾಸು.

ನಿಮಗೆ ನನ್ನ ಸಲಹೆ ಇಷ್ಟು. ನಾಲ್ಕನೇ ಶಿಖರ ಮೂಲ್ ಖಿನ್ ಜೆರಗ್‌ವರೆಗೆ ಹೋಗಿ. ಅಲ್ಲಿಂದ ರಸ್ತೆ ಕಡೆಗೆ ಒಂದು ಕವಲು ಬೆನ್ನು ಇಳಿಯುತ್ತದೆ, ಅದರ ಮೇಲೆ ಹಳೆಯ ಬೇಟೆಯವರ ಕಾಲುದಾರಿ ಇದೆ. ಆ ಹೊತ್ತಿಗೆ ಕಾಲಲ್ಲಿ ಕಸುವಿದ್ದು, ಹವೆ ಚೆನ್ನಾಗಿದ್ದು, ಹೊತ್ತೂ ಇದ್ದರೆ ಮುಂದಿನ ಮೂರರ ಬಗ್ಗೆ ಅಲ್ಲೇ ಕೂತು ಮಾತಾಡಿಕೊಳ್ಳಿ. ಮೂವರಲ್ಲಿ ಒಬ್ಬ ಸಾಕು ಅಂದರೂ ಇಳಿಯುವುದು, ಇದನ್ನು ಮನೆಯಲ್ಲೇ ಒಪ್ಪಿಕೊಂಡು ಹೊರಡಿ. ಮೇಲೆ ಹೋದ ಮೇಲೆ ಸಾಕು ಅನ್ನಲು ಗಂಡುಹುಡುಗರಿಗೆ ನಾಚಿಕೆ ಜಾಸ್ತಿ. ದಾರಿ ತಪ್ಪಿಯೂ ದಕ್ಷಿಣಕ್ಕೆ ಮಾತ್ರ ಇಳಿಯಬೇಡಿ. ಆ ಕಡೆ ಇಳಿದರೆ ಕಾರಿರುವ ರಸ್ತೆಗೆ ಬರಲು ಮತ್ತೆ ಇದೇ ಬೆಟ್ಟ ಹತ್ತಬೇಕು.

ಪ್ರ: ಫೋನಿನಲ್ಲಿ ಎಲ್ಲ ಆಪ್ ಇದೆ. ಜಿಪಿಎಸ್‌ಗೆ ಸಿಗ್ನಲ್ ಕೂಡ ಬೇಡ. 2020ರ ದಶಕದಲ್ಲಿ ಕಾಗದದ ನಕ್ಷೆ ಅನ್ನೋದು ಹಳೇ ಕಾಲದವರ ಹಠ ಅಲ್ವಾ?
– ಸಾಫ್ಟ್‌ವೇರ್ ಎಂಜಿನಿಯರ್, ಎಡಿನ್‌ಬರೊ

ಉ: ಸ್ವಲ್ಪ ಹಠ, ಒಪ್ಪಿದೆ. ಆಪ್ ಒಳ್ಳೆಯದೇ. ಮೋಡದೊಳಗೆ ನಾನೆಲ್ಲಿದ್ದೇನೆ ಅನ್ನೋದಕ್ಕೆ ಅದರಷ್ಟು ಬೇಗ ಉತ್ತರ ಕೊಡುವುದು ಬೇರೆ ಇಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಮಾತ್ರ. ಅದನ್ನು ಮರೆತವರಿಗೆ ಪರದೆ ಮೇಲೆ ಒಂದು ನೀಲಿ ಚುಕ್ಕಿ ಕಾಣುತ್ತದೆ, ಸುತ್ತ ಏನೂ ಇರುವುದಿಲ್ಲ.

ತೊಂದರೆ ಬೇರೆ ಕಡೆ ಇದೆ. ಚಳಿಗೆ ಬ್ಯಾಟರಿ ಬೇಗ ಸೋರುತ್ತದೆ. ಮಳೆಯಲ್ಲಿ ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ, ದಪ್ಪ ಗ್ಲೌಸ್ ಹಾಕಿದರೆ ಇನ್ನೂ ಕಷ್ಟ. ಜೊತೆಗೆ ಕಷ್ಟಕ್ಕೆ ಸಿಕ್ಕಾಗ ಕರೆ ಮಾಡಬೇಕಾದ ಫೋನೂ ಅದೇ. ಹಾಗಾಗಿ ಪವರ್‌ಬ್ಯಾಂಕ್ ಇರಲಿ, ಫೋನು ಒಳಜೇಬಿನಲ್ಲಿ ಮೈಬಿಸಿಗೆ ಇರಲಿ, ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡನೆನ್ಸ್ ಸರ್ವೆಯ ಒಂದು ನಕ್ಷೆ ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ಈ ಸಾಲಿಗೆ 1:25,000 ಅಳತೆಯ ಎಕ್ಸ್‌ಪ್ಲೋರರ್ ಸರಣಿಯ ನಕ್ಷೆ ಬೇಕು, ಇಲ್ಲವೇ 1:50,000 ಅಳತೆಯ ಲ್ಯಾಂಡ್‌ರೇಂಜರ್ 33. ಸುಮ್ನೆ ಇಟ್ಟುಕೊಂಡರೆ ಸಾಲದು. ಹಿಂದಿನ ರಾತ್ರಿ ಅದನ್ನು ಹಾಸಿ ಕೂತು, ಪ್ರತಿ ಎರಡು ಶಿಖರದ ನಡುವಿನ ತಗ್ಗಿನಿಂದ ರಸ್ತೆ ಕಡೆಗೆ ಇಳಿಯಬಹುದೋ, ಕಡಿದಾದ ಬಂಡೆ ಇದೆಯೋ ಅಂತ ಗುರುತು ಮಾಡಿಕೊಳ್ಳಿ. ಫೋನಿನ ಅಂಗೈಯಗಲದ ಪರದೆಯಲ್ಲಿ ಆ ಒಟ್ಟು ನೋಟ ಸಿಗುವುದಿಲ್ಲ, ನನ್ನ ಹಠ ಇರುವುದು ಅಷ್ಟಕ್ಕೇ.

ದಿಕ್ಸೂಚಿ ಬಗ್ಗೆ ಒಂದು ಎಚ್ಚರಿಕೆ. ಮುಂದೆ ಸ್ಕೈ ದ್ವೀಪದ ಕೂಲಿನ್ ಬೆಟ್ಟಗಳಿಗೆ ಹೋದರೆ ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ಅಲ್ಲಿನ ಬಂಡೆಯಲ್ಲೇ ಕಾಂತಗುಣ ಇದೆ, ಮುಳ್ಳು ಎತ್ತೆತ್ತಲೋ ತಿರುಗುತ್ತದೆ. ಗ್ಲೆನ್ ಶೀಲ್‌ನಲ್ಲಿ ಆ ಕಾಟ ಇಲ್ಲ.

ಪ್ರ: ನಮ್ಮ ಮಗಳು ಅಬರ್ಡೀನ್‌ನಲ್ಲಿದ್ದಾಳೆ. ಶನಿವಾರ ಬಂದರೆ ಬೆಟ್ಟಕ್ಕೆ ಹೋಗುತ್ತಾಳೆ, ಕೆಲವು ಸಲ ಒಬ್ಬಳೇ. ರಾತ್ರಿ ಅವಳ ಫೋನು ಬರುವವರೆಗೆ ನಮಗಿಬ್ಬರಿಗೂ ನಿದ್ದೆ ಇಲ್ಲ. ಹೋಗಬೇಡ ಅಂದರೆ ಕೇಳುವುದಿಲ್ಲ. ಏನು ಮಾಡೋಣ?
– ಒಬ್ಬ ತಾಯಿ, ಹುಬ್ಬಳ್ಳಿ

ಉ: ಹೋಗಬೇಡ ಅನ್ನುವುದನ್ನು ಬಿಡಿ ಅಮ್ಮಾ. ಹಾಗೆ ಹೇಳುತ್ತಾ ಹೋದರೆ ಅವಳು ಹೋಗುವುದನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾಳೆ. ಅದು ಇನ್ನೂ ಕೆಟ್ಟದ್ದು.

ಮೊದಲು ಹೊತ್ತಿನ ಲೆಕ್ಕ. ಬೇಸಿಗೆಯಲ್ಲಿ ನಮ್ಮ ಗಡಿಯಾರ ಅವರಿಗಿಂತ ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಅವಳು ಸಂಜೆ ಎಂಟಕ್ಕೆ ಇಳಿದು ಬಂದರೆ ನಿಮಗೆ ರಾತ್ರಿ ಹನ್ನೆರಡೂವರೆ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಹಾಗಾಗಿ ಎಂಟು ಗಂಟೆಗೆ ಇನ್ನೂ ಬೆಟ್ಟದಲ್ಲಿದ್ದಾಳೆ ಅಂದರೆ ಕತ್ತಲಲ್ಲಿ ಸಿಕ್ಕಿಕೊಂಡಿದ್ದಾಳೆ ಅಂತಲ್ಲ. ಕಣಿವೆಗಳಲ್ಲಿ ಫೋನ್ ಸಿಗ್ನಲ್ ಎಷ್ಟೋ ಕಡೆ ಇಲ್ಲವೇ ಇಲ್ಲ. ಕಾರಿಗೆ ಬಂದ ಮೇಲೂ ಅರ್ಧ ಗಂಟೆ ಓಡಿಸಿದ ಮೇಲೆ ಸಿಗ್ನಲ್ ಸಿಗಬಹುದು.

ಎರಡನೆಯದು, ಮುಖ್ಯವಾದದ್ದು. ಅವಳು ದಾರಿಯ ವಿವರ ಬಿಟ್ಟು ಹೋಗಬೇಕಾದದ್ದು ನಿಮ್ಮ ಹತ್ತಿರ ಅಲ್ಲ, ಅಲ್ಲೇ ಇರುವ ಒಬ್ಬ ಗೆಳತಿಯ ಹತ್ತಿರ. ಎಲ್ಲಿಂದ ಹತ್ತುತ್ತೇನೆ, ಎಲ್ಲಿ ಇಳಿಯುತ್ತೇನೆ, ಹವೆ ಕೆಟ್ಟರೆ ಯಾವ ದಾರಿಯಲ್ಲಿ ಬೇಗ ಇಳಿಯುತ್ತೇನೆ, ಕಾರಿನ ನಂಬರ್, ಇಷ್ಟು ಗಂಟೆಯವರೆಗೆ ಸುದ್ದಿ ಬರದಿದ್ದರೆ ಪೊಲೀಸರಿಗೆ ಹೇಳು. ಇಷ್ಟನ್ನು ಒಂದು ಮೆಸೇಜಿನಲ್ಲಿ ಬರೆಯಬಹುದು. ಹುಬ್ಬಳ್ಳಿಯಿಂದ ಅಲ್ಲಿನ ತುರ್ತು ನಂಬರ್ 999 ಒತ್ತಿದರೆ ಅಲ್ಲಿಗೆ ಹೋಗುವುದಿಲ್ಲ. ಆ ಗೆಳತಿಯ ನಂಬರ್ ನಿಮ್ಮ ಹತ್ತಿರವೂ ಇರಲಿ. ಅವಳನ್ನು ಮಧ್ಯಾಹ್ನವೇ ಫೋನ್ ಮಾಡಿ ಕಾಡಬೇಡಿ!

ಮಗಳಿಗೆ ಇಷ್ಟು ಕೇಳಿ ನೋಡಿ. ಬೆಟ್ಟದಲ್ಲಿ ಕಷ್ಟವಾದರೆ ಯಾರಿಗೆ ಕರೆ ಮಾಡಬೇಕು? 999 ಒತ್ತಿ ಮೊದಲು ಪೊಲೀಸ್ ಕೇಳಬೇಕು, ಆಮೇಲೆ ಮೌಂಟನ್ ರೆಸ್ಕ್ಯೂ. ಮಾತಿಗೆ ಸಿಗ್ನಲ್ ಸಾಲದಿದ್ದರೂ ಮೆಸೇಜ್ ಹೋಗಬಹುದು, ಅದಕ್ಕೆ ಮೊದಲೇ ‘ರಿಜಿಸ್ಟರ್’ ಅಂತ ಇಂಗ್ಲಿಷಿನಲ್ಲಿ ಬರೆದು 999ಕ್ಕೆ ಕಳಿಸಿ ನೋಂದಾಯಿಸಿಕೊಂಡಿರಬೇಕು. ಫೋನೇ ಸತ್ತರೆ ಸೀಟಿ. ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಕತ್ತಲಾದರೆ ಟಾರ್ಚಿನಲ್ಲೂ ಅದೇ ಲೆಕ್ಕ. ಇದಕ್ಕೆಲ್ಲ ಅವಳು ತಡವರಿಸದೆ ಉತ್ತರ ಕೊಟ್ಟರೆ ನೀವು ಮಲಗಬಹುದು. ಹುಡುಕಲು ಬರುವವರು ಸಂಬಳವಿಲ್ಲದ ಸ್ವಯಂಸೇವಕರು, ಬಿಲ್ ಕೊಡುವುದಿಲ್ಲ. ಖರ್ಚಿಗೆ ಹೆದರಿ ಕರೆ ಮಾಡದೆ ಕೂರುವ ನಮ್ಮ ಮಕ್ಕಳು ಇದ್ದಾರೆ, ಅದಕ್ಕೇ ಹೇಳಿದೆ.

ಒಬ್ಬಳೇ ರಿಡ್ಜ್ ಮೇಲೆ ಹೋಗುವುದರ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಒಳ್ಳೆ ಹವೆಯಲ್ಲಿ, ಅವಳಿಗೆ ಗೊತ್ತಿರುವ ದಾರಿಯಲ್ಲಿ ಆಗಬಹುದು. ಅಬರ್ಡೀನ್‌ನಂಥ ಊರಲ್ಲಿ ನಡಿಗೆ ಕ್ಲಬ್ಬುಗಳಿವೆ. ಮೊದಲು ಅವುಗಳ ಜೊತೆ ಒಂದಷ್ಟು ಓಡಾಡಲಿ.

ಪ್ರ: ಇಂಬಳ ಇದೆಯಾ?
– ತೀರ್ಥಹಳ್ಳಿ

ಉ: ಮಲೆನಾಡಿನವರ ಪ್ರಶ್ನೆ ಎಷ್ಟು ಚೊಕ್ಕ! ನಮ್ಮ ಕಾಡಿನ ಹಾಗೆ ಕಾಲಿಗೆ ಹತ್ತುವ ಇಂಬಳ ಇಲ್ಲ. ಉಪ್ಪು, ನಶ್ಯ ಮನೆಯಲ್ಲೇ ಇರಲಿ.

ಅದರ ಬದಲು ಮಿಜ್ ಇದೆ. ನಮ್ಮ ನೊರಜಿನ ಗಾತ್ರ, ಕಚ್ಚುವುದರಲ್ಲಿ ಸೊಳ್ಳೆಗೂ ಮಿಗಿಲು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಗಾಳಿ ಇಲ್ಲದ ಮೋಡದ ಸಂಜೆ ಟೆಂಟ್ ಹಾಕಲು ನಿಂತರೆ ಸಾವಿರಾರು ಒಟ್ಟಿಗೆ ಮುತ್ತುತ್ತವೆ. ಸಮಾಧಾನ ಏನೆಂದರೆ ಸ್ವಲ್ಪ ಗಾಳಿ ಬೀಸಿದರೂ ಅವು ಹಾರಲಾರವು. ಹಾಗಾಗಿ ಬೆಟ್ಟದ ಬೆನ್ನಿನ ಮೇಲೆ ಕಾಟ ಇಲ್ಲ, ಎಲ್ಲ ಕಣಿವೆಯಲ್ಲಿ. ಮುಖಕ್ಕೆ ಹಾಕುವ ಬಲೆಗೆ ನಾಲ್ಕು ಕಾಸು ಖರ್ಚು ಮಾಡಿ.

ನಿಜವಾಗಿ ಹುಷಾರಾಗಿರಬೇಕಾದದ್ದು ರಕ್ತ ಹೀರುವ ಉಣ್ಣೆಗೆ (ಉಣುಗು). ಉಣ್ಣೆ ಅಂದರೆ ಏನು ಅಂತ ನಿಮ್ಮ ಕಡೆಯವರಿಗೆ ನಾನು ಹೇಳಬೇಕಾ? ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ನಿಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಸ್ಕಾಟ್ಲೆಂಡಿನ ಉಣ್ಣೆ ತರುವುದು ಬೇರೆ ಕಾಯಿಲೆ, ಲೈಮ್ ಅಂತ. ವೈರಸ್ ಅಲ್ಲ, ಬ್ಯಾಕ್ಟೀರಿಯಾದಿಂದ ಬರುವುದು, ಬೇಗ ಹಿಡಿದರೆ ಮಾತ್ರೆಗೆ ಬಗ್ಗುತ್ತದೆ. ಜರಿಗಿಡ, ಎತ್ತರದ ಹುಲ್ಲಲ್ಲಿ ನಡೆದು ಬಂದ ರಾತ್ರಿ ಮಂಡಿಯ ಹಿಂದೆ, ಕಂಕುಳು, ತೊಡೆಸಂದು ನೋಡಿಕೊಳ್ಳಿ. ಹತ್ತಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಅಂಟಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆಂಕಿಕಡ್ಡಿ, ಸೀಮೆಎಣ್ಣೆ ಪ್ರಯೋಗ ಬೇಡ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪಗೆ ಅಗಲವಾಗಿ ಹರಡಿದರೆ, ಜ್ವರ ಬಂದರೆ, ಡಾಕ್ಟರಿಗೆ ಉಣ್ಣೆ ಕಚ್ಚಿದ್ದನ್ನು ಹೇಳಿ ತೋರಿಸಿ.

ಪ್ರ: ಮಗ ಸೆಪ್ಟೆಂಬರಿಗೆ ಅಲ್ಲಿಗೆ ಓದಲು ಹೋಗುತ್ತಿದ್ದಾನೆ. ಬೆಟ್ಟ ಹತ್ತುವ ಹುಚ್ಚು ಇದೆ. ಇಲ್ಲಿಂದ ಏನೇನು ಬಟ್ಟೆ ಕೊಂಡು ಕಳಿಸಲಿ? ತಿನ್ನಲು ಏನು ಕಟ್ಟಿಕೊಡಲಿ?
– ಮೈಸೂರು

ಉ: ಜೀನ್ಸ್, ಹತ್ತಿ ಬನಿಯನ್, ಹತ್ತಿ ಟೀ ಶರ್ಟ್, ಇವನ್ನು ಕಾಲೇಜಿಗೆ ಹಾಕಿಕೊಳ್ಳಲಿ. ಬೆಟ್ಟಕ್ಕೆ ಹತ್ತಿ ಬೇಡವೇ ಬೇಡ. ಒದ್ದೆಯಾದ ಹತ್ತಿ ನೀರು ಹಿಡಿದುಕೊಂಡು ಮೈಯ ಬಿಸಿ ಎಲ್ಲ ಹೀರುತ್ತದೆ. ಉಣ್ಣೆಬಟ್ಟೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ, ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದ ಅಜ್ಜಂದಿರಿಗೆ ಇದು ಗೊತ್ತಿತ್ತು. ಮೈಗೆ ಅಂಟುವ ತೆಳು ಉಣ್ಣೆ ಅಥವಾ ಸಿಂಥೆಟಿಕ್ ಬನಿಯನ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ಮಳೆ ತಡೆಯುವ ಟೋಪಿಯಿರುವ ಜಾಕೆಟ್. ಮಳೆಪ್ಯಾಂಟ್ ಕೂಡ. ಜೂನ್ ಆದರೂ ಉಣ್ಣೆಟೋಪಿ, ಗ್ಲೌಸ್ ಚೀಲದಲ್ಲಿರಬೇಕು. ಬೂಟು, ಜಾಕೆಟ್ ಎರಡನ್ನೂ ಅವನು ಅಲ್ಲೇ ಹಾಕಿ ನೋಡಿ ಕೊಳ್ಳಲಿ, ಆ ಹವೆಗೆ ಬೇಕಾದ್ದು ಅಲ್ಲಿನ ಅಂಗಡಿಗಳಲ್ಲೇ ಇರುತ್ತದೆ. ಕೊಡೆ ಕಳಿಸಬೇಡಿ, ಗಾಳಿಗೆ ಒಂದು ದಿನ ಬಾಳುವುದಿಲ್ಲ.

ತಿಂಡಿ ವಿಷಯದಲ್ಲಿ ನಮ್ಮ ಮನೆಗಳೇ ಮೇಲು. ಶೇಂಗಾ ಚಿಕ್ಕಿ, ಕೊಬ್ಬರಿ ಮಿಠಾಯಿ, ಖರ್ಜೂರ, ಚಕ್ಕುಲಿ. ಚಳಿಗೆ ಕೆಡುವುದಿಲ್ಲ, ನಡೆಯುತ್ತಲೇ ಬಾಯಿಗೆ ಹಾಕಿಕೊಳ್ಳಬಹುದು. ಚಪಾತಿ ಸುತ್ತಿ ಒಳಗೆ ಪಲ್ಯವೋ ಚಟ್ನಿಪುಡಿಯೋ ಹಾಕಿದರೆ ಮಧ್ಯಾಹ್ನದ ಊಟ ಆಯಿತು. ಪುಳಿಯೋಗರೆ ಬೇಡ, ಎಷ್ಟು ಇಷ್ಟವಿದ್ದರೂ. ಚಳಿಗೆ ಅನ್ನ ಗಟ್ಟಿಯಾಗುತ್ತದೆ, ಗ್ಲೌಸ್ ತೆಗೆದು ಕೈಯಲ್ಲಿ ತಿನ್ನುವುದು ಶಿಕ್ಷೆ. ಫ್ಲಾಸ್ಕಿನಲ್ಲಿ ಬೆಲ್ಲ ಹಾಕಿದ ಶುಂಠಿ ಕಷಾಯ ಇರಲಿ.

ಪ್ರ: ಇಲ್ಲಿ ಕುದುರೆಮುಖಕ್ಕೆ ಹೋಗಬೇಕಾದರೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ, ಶುಲ್ಕ ಬೇರೆ. ಅಲ್ಲಿ ಪರ್ಮಿಟ್ ಯಾರು ಕೊಡುತ್ತಾರೆ?
– ಮಂಗಳೂರು

ಉ: ಯಾರೂ ಕೊಡುವುದಿಲ್ಲ, ಬೇಕಾಗಿಯೂ ಇಲ್ಲ. ಬೆಟ್ಟಗಳು ಹೆಚ್ಚಾಗಿ ದೊಡ್ಡ ದೊಡ್ಡ ಜಮೀನುದಾರರ ಸ್ವಂತ ಆಸ್ತಿ, ಆದರೂ ನಡೆಯುವ ಹಕ್ಕು ಎಲ್ಲರದ್ದು. 2003ರ ಭೂಸುಧಾರಣಾ ಕಾಯ್ದೆ ಅದನ್ನು ಬರಹದಲ್ಲಿ ಕೊಟ್ಟಿದೆ. ಒಂದೇ ಷರತ್ತು, ಜವಾಬ್ದಾರಿಯಿಂದ ನಡೆದುಕೊಳ್ಳಬೇಕು. ಮನೆಯ ಅಂಗಳಕ್ಕೆ ನುಗ್ಗಬಾರದು, ಬೆಳೆ ತುಳಿಯಬಾರದು, ಗೇಟು ಹೇಗಿತ್ತೋ ಹಾಗೆ ಬಿಟ್ಟು ಬರಬೇಕು, ಕಸ ವಾಪಸ್ ತರಬೇಕು. ಬೆಟ್ಟದ ಮೇಲೆ ಒಂದೆರಡು ರಾತ್ರಿ ಸಣ್ಣ ಟೆಂಟ್ ಹಾಕಲೂ ಅಡ್ಡಿಯಿಲ್ಲ. ಇದು ಸ್ಕಾಟ್ಲೆಂಡಿನ ಕಾನೂನು, ಇಂಗ್ಲೆಂಡಿಗೆ ಹೊಂದುವುದಿಲ್ಲ.

ಆಗಸ್ಟ್ ನಡುವಿನಿಂದ ಅಕ್ಟೋಬರ್ 20ರವರೆಗೆ ಗಂಡು ಜಿಂಕೆ ಬೇಟೆ ಜೋರು. ಅದು ಅಲ್ಲಿ ಕಾನೂನುಬದ್ಧ, ತೋಳ ನಿರ್ನಾಮವಾದ ನಾಡಿನಲ್ಲಿ ಜಿಂಕೆಯ ಸಂಖ್ಯೆ ಹಿಡಿತದಲ್ಲಿಡಲು ಬೇರೆ ದಾರಿ ಕಡಿಮೆ. ಆ ತಿಂಗಳುಗಳಲ್ಲಿ ರಸ್ತೆಬದಿಯ ಫಲಕ ಓದಿ ಹೋಗಿ. ಭಾನುವಾರ ಸಾಮಾನ್ಯವಾಗಿ ಬೇಟೆ ಇರುವುದಿಲ್ಲ. ರಿಡ್ಜ್ ಬಿಟ್ಟು ಪಕ್ಕದ ಕಮರಿಗಳಿಗೆ ಇಳಿಯದಿದ್ದರೆ ಅವರಿಗೂ ನಿಮಗೂ ತೊಂದರೆ ಇಲ್ಲ.

ಶುಲ್ಕದ ಬಗ್ಗೆ ನೀವು ಗೊಣಗುವುದು ಅರ್ಥವಾಗುತ್ತದೆ. ಆದರೆ ಕುಮಾರ ಪರ್ವತದಲ್ಲಿ ಒಂದೇ ವಾರಾಂತ್ಯಕ್ಕೆ ಜನ ಜಾತ್ರೆಯಾಗಿ ಸೇರಿದ ಫೋಟೊ ನೋಡಿದ ಮೇಲೆ ನಾನಂತೂ ಅರಣ್ಯ ಇಲಾಖೆಯ ಕಡೆಗೇ.

ಪ್ರ: ನಮ್ಮ ಮನೆಯವರಿಗೆ ಮನ್ರೊ ಹುಚ್ಚು ಹಿಡಿದಿದೆ. ಫ್ರಿಜ್ಜಿನ ಮೇಲೆ 282 ಬೆಟ್ಟಗಳ ಪಟ್ಟಿ ಅಂಟಿಸಿ ಟಿಕ್ ಹಾಕುತ್ತಾರೆ. ಇದಕ್ಕೆ ಔಷಧ ಇದೆಯಾ?
– ಇನ್ವರ್ನೆಸ್‌ನಿಂದ ಒಬ್ಬ ಗೃಹಿಣಿ

ಉ: ಇಲ್ಲಮ್ಮ. ಬ್ರಿಟನ್ನಿನಲ್ಲಿ ಇದು ನೂರು ವರ್ಷ ಮೀರಿದ ಅಂಟುಜಾಡ್ಯ.

ಶುರು ಮಾಡಿದವರು ಸರ್ ಹ್ಯೂ ಮನ್ರೊ. ಮೂರು ಸಾವಿರ ಅಡಿ, ಅಂದರೆ 914.4 ಮೀಟರ್ ಮೀರಿದ ಸ್ಕಾಟ್ಲೆಂಡಿನ ಬೆಟ್ಟಗಳ ಪಟ್ಟಿಯನ್ನು 1891ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಅಂಥವು ಮೂವತ್ತರ ಆಸುಪಾಸು ಅಂತ ಎಷ್ಟೋ ಜನ ಅಂದುಕೊಂಡಿದ್ದರಂತೆ. ಪಟ್ಟಿ ಬಂದದ್ದೇ ತಡ, ಎಲ್ಲ ಹತ್ತಿ ಮುಗಿಸುವ ಚಟ ಶುರು. 1901ರಲ್ಲಿ ಎ. ಇ. ರಾಬರ್ಟ್‌ಸನ್ ಅನ್ನೋ ಪಾದ್ರಿ ಎಲ್ಲ ಮುಗಿಸಿದರು ಅನ್ನುತ್ತಾರೆ (ಒಂದನ್ನು ನಿಜವಾಗಿ ಹತ್ತಿದರಾ ಅಂತ ಆಮೇಲೆ ಜಗಳ ಎದ್ದಿದೆ, ಅದು ಬೇರೆ ಕಥೆ). ಪಾಪ, ಮನ್ರೊ ಮಾತ್ರ ತಮ್ಮದೇ ಪಟ್ಟಿ ಮುಗಿಸದೆ 1919ರಲ್ಲಿ ತೀರಿಕೊಂಡರು.

ಪಟ್ಟಿ ಈಗಲೂ ಬದಲಾಗುತ್ತದೆ. 2012ರಲ್ಲಿ ಬೆನ್ ಆ ಖ್ಲೈವ್ ಅನ್ನೋ ಬೆಟ್ಟವನ್ನು ಜಿಪಿಎಸ್ ಹಿಡಿದು ಮತ್ತೆ ಅಳೆದರು. 913.96 ಮೀಟರ್ ಬಂತು. ಬರೀ 44 ಸೆಂಟಿಮೀಟರ್ ಕಡಿಮೆ ಅಂತ ಅದನ್ನು ಪಟ್ಟಿಯಿಂದ ತೆಗೆದರು, 283 ಇದ್ದದ್ದು 282 ಆಯಿತು. ಬೆಟ್ಟ ಅಲ್ಲೇ ಇದೆ. ಹಿಂದಿನ ದಿನದವರೆಗೆ ಸಾಲು ಹಚ್ಚಿ ಹತ್ತುತ್ತಿದ್ದವರಿಗೆ ಅದು ಬೇಡವಾಯಿತು. ನನಗೆ ಈ ಟಿಕ್ ಹಾಕುವುದರ ಬಗ್ಗೆ ಸ್ವಲ್ಪ ಅನುಮಾನ ಇರುವುದು ಇದಕ್ಕೇ. ಇನ್ನೆರಡು ಟಿಕ್ ಬಾಕಿ ಇದೆ ಅಂದಾಗ, ಇಳಿಯಬೇಕಾದ ಹೊತ್ತಲ್ಲಿ ಜನ ಮುಂದಕ್ಕೆ ಹೋಗುತ್ತಾರೆ. ನಿಮ್ಮ ಮನೆಯವರಿಗೆ ಬೈಯಬೇಡಿ, ಗ್ಲೆನ್ ಶೀಲ್ ಸಾಲಿನಲ್ಲಿ ಒಂದೇ ದಿನ ಏಳು ಟಿಕ್ ಸಿಗುತ್ತದೆ ಅನ್ನುವುದು ಅವರಿಗೆ ಈಗಾಗಲೇ ಗೊತ್ತಿರುತ್ತದೆ. ಅರ್ಧದಲ್ಲಿ ಇಳಿದು ಬಂದ ದಿನ ಒಳ್ಳೆ ಅಡುಗೆ ಮಾಡಿ. ಇಲ್ಲ, ಅವರ ಕೈಲೇ ಮಾಡಿಸಿ.

ಪ್ರ: ಬೆಟ್ಟದ ತುದಿಯಲ್ಲಿ ನಿಂತಾಗ ಕೆಳಗಿನ ಮೋಡದ ಮೇಲೆ ನನ್ನದೇ ದೊಡ್ಡ ನೆರಳು, ತಲೆಯ ಸುತ್ತ ಬಣ್ಣದ ಉಂಗುರ ಕಾಣಿಸಿತು. ಅಮ್ಮನಿಗೆ ಹೇಳಿದರೆ ದೇವರ ಪ್ರಭಾವಳಿ ಅಂದರು. ಪಕ್ಕದಲ್ಲಿದ್ದ ಗೆಳೆಯ ಉಂಗುರ ಇದ್ದದ್ದು ಅವನ ತಲೆಗೆ ಅನ್ನುತ್ತಾನೆ. ಯಾರು ಸರಿ?
– ಡಂಡೀ

ಉ: ಇಬ್ಬರೂ ಸರಿ. ಬೆನ್ನ ಹಿಂದೆ ತಗ್ಗಿನಲ್ಲಿ ಸೂರ್ಯ, ಮುಂದೆ ಕೆಳಗೆ ಮಂಜು ಇದ್ದಾಗ ನೆರಳು ಮಂಜಿನೊಳಗೆ ಉದ್ದಕ್ಕೆ ಬೀಳುತ್ತದೆ, ಅದಕ್ಕೇ ದೈತ್ಯನಂತೆ ಕಾಣುತ್ತದೆ. ಉಂಗುರ ಆಗುವುದು ಮಂಜಿನ ಸಣ್ಣ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುವುದರಿಂದ. ಅದು ನೋಡುವವನ ಕಣ್ಣಿಗೆ ನೇರ ಎದುರಿನ ಬಿಂದುವಿನ ಸುತ್ತ ಮಾತ್ರ ಕಾಣುವುದರಿಂದ, ಪ್ರತಿಯೊಬ್ಬರಿಗೂ ಉಂಗುರ ತಮ್ಮ ತಲೆಗೇ. ಬ್ರಾಕೆನ್ ಸ್ಪೆಕ್ಟರ್ ಅಂತ ಕರೆಯುತ್ತಾರೆ. ರಿಡ್ಜ್ ಅದಕ್ಕೆ ಹೇಳಿ ಮಾಡಿಸಿದ ಜಾಗ.

1883ರಿಂದ 1904ರವರೆಗೆ ಬೆನ್ ನೆವಿಸ್ ತುದಿಯಲ್ಲಿ ಒಂದು ಹವಾಮಾನ ಕೇಂದ್ರ ಇತ್ತು. 1894ರ ಸೆಪ್ಟೆಂಬರಿನಲ್ಲಿ ಸಿ. ಟಿ. ಆರ್. ವಿಲ್ಸನ್ ಅನ್ನೋ ತರುಣ ಅಲ್ಲಿ ಎರಡು ವಾರ ಕೆಲಸಕ್ಕೆ ಇದ್ದ, ಇದೇ ಬಣ್ಣದ ಉಂಗುರಗಳನ್ನು ನೋಡಿದ. ಇದನ್ನು ಲ್ಯಾಬಿನಲ್ಲಿ ಮಾಡಿ ನೋಡಬೇಕು ಅಂತ ಗಾಜಿನ ಪಾತ್ರೆಯಲ್ಲಿ ಮೋಡ ಹುಟ್ಟಿಸಲು ಹೊರಟ. ಆ ಪ್ರಯತ್ನವೇ ಬೆಳೆದು ಕ್ಲೌಡ್ ಚೇಂಬರ್ ಆಯಿತು, ಕಣ್ಣಿಗೆ ಕಾಣದ ಕಣಗಳು ಹೋದ ಜಾಡನ್ನು ಹನಿಗಳ ಗೆರೆಯಾಗಿ ತೋರಿಸುವ ಯಂತ್ರ. 1927ರಲ್ಲಿ ವಿಲ್ಸನ್‌ಗೆ ನೊಬೆಲ್ ಬಂತು. 1932ರಲ್ಲಿ ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಮೊದಲು ಕಂಡದ್ದೂ ಅಂಥದ್ದೇ ಪಾತ್ರೆಯಲ್ಲಿ. ನಿಮ್ಮ ಅಮ್ಮನಿಗೆ ಇಷ್ಟನ್ನೂ ಹೇಳಿ, ಆಮೇಲೂ ಪ್ರಭಾವಳಿ ಅಂದರೆ ಹೌದು ಅನ್ನಿ, ಏನೀಗ.

ಪ್ರ: ಡಿಸೆಂಬರ್ ರಜೆಯಲ್ಲಿ ಹಿಮದಲ್ಲಿ ಇದೇ ರಿಡ್ಜ್ ನಡೆದರೆ?
– ಲಂಡನ್

ಉ: ಬೇಡ. ಆಗ ಹಗಲು ಆರೂವರೆ ಗಂಟೆ, ನಡಿಗೆ ಹನ್ನೊಂದು ಗಂಟೆ. ಗಾಳಿ ಹಿಮವನ್ನು ಅಂಚಿನಾಚೆಗೆ ಚಾಚಿ ಕಟ್ಟಿರುತ್ತದೆ, ನೆಲ ಅಂದುಕೊಂಡು ಕಾಲಿಟ್ಟರೆ ಕೆಳಗೆ ಏನೂ ಇರುವುದಿಲ್ಲ. ಐಸ್ ಆಕ್ಸ್ (ಹಿಮಗೊಡಲಿ), ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಮುಳ್ಳು) ಕೊಂಡರೆ ಸಾಲದು, ಬಳಸಲು ಕಲಿಯಬೇಕು. ಏವಿಮೋರ್ ಹತ್ತಿರದ ಗ್ಲೆನ್‌ಮೋರ್ ಲಾಡ್ಜ್‌ನಲ್ಲಿ ಚಳಿಗಾಲದ ಕೋರ್ಸುಗಳಿವೆ. ಮೊದಲು ಅಲ್ಲಿ ಬೀಳುವುದನ್ನು ಕಲಿಯಿರಿ.

ಪ್ರ: ಕಾರಿಲ್ಲ. ಬಸ್ಸಿನಲ್ಲಿ ಹೋಗಿ ಬರಬಹುದಾ?
– ಸ್ಟರ್ಲಿಂಗ್

ಉ: ಹೋಗಬಹುದು. ಗ್ಲಾಸ್ಗೊ ಮತ್ತು ಇನ್ವರ್ನೆಸ್‌ನಿಂದ ಸ್ಕೈಗೆ ಹೋಗುವ ದೂರದ ಬಸ್ಸುಗಳು ಎ87ರಲ್ಲೇ ಓಡುತ್ತವೆ, ಕ್ಲೂನಿ ಹತ್ತಿರ ಇಳಿಯಬಹುದು. ಆದರೆ ದಿನಕ್ಕೆ ಕೆಲವೇ ಬಸ್ಸು, ಸೀಟು ಮೊದಲೇ ಕಾದಿರಿಸಬೇಕು. ಬಸ್ಸು ಬಂದು ಇಳಿಸುವ ಹೊತ್ತಿಗೆ ಏಳು ಶಿಖರಕ್ಕೆ ತಡವಾಗಿರುತ್ತದೆ. ಹಾಗಾಗಿ ಹಿಂದಿನ ದಿನವೇ ಬಂದು ರಾತ್ರಿ ತಂಗಿ. ಒಂದು ರೀತಿಯಲ್ಲಿ ಕಾರಿಲ್ಲದಿರುವುದೇ ಅನುಕೂಲ, ಎಲ್ಲಿ ಇಳಿದರೂ ರಸ್ತೆ ಒಂದೇ, ನಿಲ್ಲಿಸಿದ ಜಾಗಕ್ಕೆ ವಾಪಸ್ ನಡೆಯಬೇಕಾಗಿಲ್ಲ.

ಏಳನೇ ಶಿಖರ ಮುಗಿಸಿ ಪಶ್ಚಿಮದ ತುದಿಯಲ್ಲಿ ಇಳಿದರೆ ನೀವು ಬಂದು ನಿಲ್ಲುವುದು ಗ್ಲೆನ್ ಶೀಲ್ ಕದನ ನಡೆದ ಜಾಗದ ಹತ್ತಿರ. 1719ರ ಜೂನ್ 10ರಂದು ಪದಚ್ಯುತ ಸ್ಟುವರ್ಟ್ ರಾಜವಂಶದ ಪರ ನಿಂತ ಜಾಕೊಬೈಟ್ ದಂಗೆಕೋರರೂ ಅವರ ಜೊತೆ ಬಂದಿದ್ದ ಸ್ಪೇನಿನ ಸೈನಿಕರೂ ಇಲ್ಲಿ ಸರ್ಕಾರಿ ಪಡೆಗೆ ಸೋತರು. ಎದುರಿನ ಒಂದು ಶಿಖರಕ್ಕೆ ಇವತ್ತಿಗೂ ಆ ಸ್ಪೇನಿನವರ ಹೆಸರೇ ಇದೆ. ಬಸ್ಸಿಗೆ ಕಾಯುವಾಗ ನೋಡಬಹುದು. ರಸ್ತೆಬದಿಯಲ್ಲಿ ಎಲ್ಲೆಂದರಲ್ಲಿ ಕೈ ತೋರಿಸಿದರೆ ನಿಲ್ಲಿಸಲು ಅದು ನಮ್ಮೂರ ಬಸ್ಸಲ್ಲ, ನಿಲ್ದಾಣ ಯಾವುದು ಅಂತ ಟಿಕೆಟ್ ಮಾಡುವಾಗಲೇ ನೋಡಿಕೊಂಡು, ಕೊನೆಯ ಬಸ್ಸಿನ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಎಷ್ಟು ಗಂಟೆಗೆ ಎಲ್ಲಿಂದ ಇಳಿಯಬೇಕು ಅಂತ ನಕ್ಷೆಯ ಮೇಲೆ ಬರೆದಿಟ್ಟುಕೊಳ್ಳಿ.